ಎಕ್ಸ್‌ಪ್ರೆಸ್ ಬಸ್ಸಿನ ಕಿಟಕಿ ಸೀಟಿನಲ್ಲಿ ಕೂತು ಚಲನೆ ಕಲಿಯುವುದು ಹೇಗೆ

ಅಕ್ಕನ ಮಗಳು ಒಂಬತ್ತನೇ ಕ್ಲಾಸು. ವಿಜ್ಞಾನ ಪುಸ್ತಕದ ‘ಚಲನೆ’ ಪಾಠವನ್ನು ಪೂರ್ತಿ ಬಾಯಿಪಾಠ ಮಾಡಿದ್ದಳು. ಒಂದು ಭಾನುವಾರ ಮಂಗಳೂರಿನಿಂದ ಉಡುಪಿಗೆ ಬಸ್ಸಿನಲ್ಲಿ ಹೋಗುವಾಗ ಕೇಳಿದಳು: “ಮಾವ, ಈ ಬಸ್ಸು ಇಷ್ಟು ಸ್ಪೀಡಲ್ಲಿ ಹೋಗ್ತಾ ಉಂಟಲ್ಲ, ಹಾಗಾದ್ರೆ ಇದರ ವೇಗೋತ್ಕರ್ಷ ತುಂಬಾ ಜಾಸ್ತಿ ಅಲ್ವಾ?”

ಅಲ್ಲ. ಆ ಹೊತ್ತಿಗೆ ಅದರ ವೇಗೋತ್ಕರ್ಷ, ಅಂದರೆ ವೇಗ ಬದಲಾಗುವ ದರ, ಹೆಚ್ಚುಕಡಿಮೆ ಸೊನ್ನೆ. ವ್ಯಾಖ್ಯಾನ ಹೇಳು ಅಂದರೆ ತಡವರಿಸದೆ ಹೇಳುವ ಹುಡುಗಿ ಅದನ್ನು ನಂಬಲೇ ಇಲ್ಲ. ಜೋರಾಗಿ ಹೋಗುವುದು ಬೇರೆ, ಜೋರು ಹೆಚ್ಚಿಸುತ್ತಾ ಹೋಗುವುದು ಬೇರೆ. ಚಲನೆಯ ಪಾಠದಲ್ಲಿ ಮಕ್ಕಳು ಎಡವುವುದು ಹೆಚ್ಚಾಗಿ ಇಲ್ಲೇ. ಸೂತ್ರ ಎಷ್ಟು ಉರು ಹೊಡೆದರೂ ಈ ಗೊಂದಲ ಹೋಗುವುದಿಲ್ಲ. ಅಳೆದು, ಬರೆದು, ನಕ್ಷೆ ಎಳೆದರೆ ಹೋಗುತ್ತದೆ. ಮುಂದಿನ ಎರಡು ಮೂರು ವಾರ ನಾವಿಬ್ಬರೂ ಮಾಡಿದ್ದು ಅದನ್ನೇ. ನಿಮ್ಮ ಮನೆಯಲ್ಲೂ ಈ ಪಾಠ ಓದುವವರಿದ್ದರೆ ಇದೇ ದಾರಿಯಲ್ಲಿ ನಡೆಸಿ ನೋಡಿ.

ಬೇಕಾದ್ದು ಇಷ್ಟೇ: ಸ್ಟಾಪ್‌ವಾಚ್ ಇರುವ ಫೋನು, ಚೌಕ ಗೆರೆಯ ನೋಟ್‌ಬುಕ್, ಪೆನ್ಸಿಲ್, ಒಂದು ಟೇಪು, ಎರಡು ಮೀಟರ್ ಉದ್ದದ ದಂಬೆ (ಟೊಳ್ಳು ಮಾಡಿದ ಅಡಿಕೆ ಮರದ ಸೀಳು) ಅಥವಾ ಉದ್ದಕ್ಕೆ ಸೀಳಿದ ಪಿವಿಸಿ ಪೈಪು, ಒಂದು ಗೋಲಿ. ಫೋನಿನಲ್ಲಿ ಜಿಪಿಎಸ್ ಮೇಲೆ ನಡೆಯುವ ಸ್ಪೀಡೋಮೀಟರ್ ಆ್ಯಪ್ ಒಂದನ್ನು ಹಾಕಿಕೊಳ್ಳಿ. ಬಸ್ಸಿನಲ್ಲಿ ಕಿಟಕಿ ಪಕ್ಕದ ಸೀಟು ಸಿಕ್ಕಿದರೆ ಅದೃಷ್ಟ.

ಹಂತ 1: ಯಾವುದಕ್ಕೆ ಹೋಲಿಸಿ?

ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಲ್ಲಿ ಬಸ್ಸು ಹೊರಡುವ ಮುಂಚೆಯೇ ಮೊದಲ ಪಾಠ ಆಗುತ್ತದೆ. ಪಕ್ಕದ ಬಸ್ಸು ಮೆಲ್ಲ ಹಿಂದಕ್ಕೆ ಹೋದರೆ ನಮ್ಮ ಬಸ್ಸೇ ಮುಂದೆ ಹೋದ ಹಾಗೆ ಆಗುತ್ತದೆ. ಹೊಟ್ಟೆಯಲ್ಲಿ ಒಂದು ಕ್ಷಣ ಏನೋ ಜಾರಿದ ಹಾಗೆ. ನೆಲವನ್ನೋ ಲೈಟ್ ಕಂಬವನ್ನೋ ನೋಡಿದ ಮೇಲೆಯೇ ಸತ್ಯ ಗೊತ್ತಾಗುವುದು.

ಚಲನೆ ಅಂದರೆ ಹೊತ್ತು ಕಳೆದಂತೆ ಸ್ಥಾನ ಬದಲಾಗುವುದು. ಸ್ಥಾನ ಹೇಳಬೇಕಾದರೆ ಒಂದು ಗುರುತು ಬೇಕು. ಪುಸ್ತಕದಲ್ಲಿ ಅದಕ್ಕೆ ಆಕರ ಬಿಂದು ಎನ್ನುತ್ತಾರೆ. ಎದುರು ಸೀಟಿನ ಅಜ್ಜಿ ಬಸ್ಸಿಗೆ ಹೋಲಿಸಿದರೆ ಕದಲಿಲ್ಲ, ರಸ್ತೆಗೆ ಹೋಲಿಸಿದರೆ ಗಂಟೆಗೆ 60 ಕಿಲೋಮೀಟರಿನಲ್ಲಿ ಹೋಗುತ್ತಿದ್ದಾರೆ. ಎರಡೂ ಸರಿ. ನೋಟ್‌ಬುಕ್ಕಿನ ಮೊದಲ ಸಾಲಿನಲ್ಲೇ ‘ಯಾವುದಕ್ಕೆ ಹೋಲಿಸಿ?’ ಎಂದು ಬರೆಸಿ. ಕೊನೆಯಲ್ಲಿ ದೋಣಿ ಹತ್ತುವಾಗ ಮತ್ತೆ ಬೇಕಾಗುತ್ತದೆ.

ಹಂತ 2: ದೂರವೋ, ಸ್ಥಾನಪಲ್ಲಟವೋ?

ಮಂಗಳೂರಿನಲ್ಲಿ ಇದಕ್ಕೆ ಒಂದು ಒಳ್ಳೆಯ ಜಾಗ ಇದೆ. ಸುಲ್ತಾನ್ ಬತ್ತೇರಿಯಲ್ಲಿ ನಿಂತರೆ ಗುರುಪುರ ನದಿಯ ಆಚೆ ದಡದಲ್ಲಿ ತಣ್ಣೀರುಬಾವಿಯ ಮರಗಳು ಕಾಣುತ್ತವೆ. ದೋಣಿಯಲ್ಲಿ ದಾಟಿದರೆ ಕೆಲವೇ ನೂರು ಮೀಟರ್. ಸ್ಕೂಟರಿನಲ್ಲೇ ಹೋಗುತ್ತೇನೆ ಎಂದರೆ ಉರ್ವ, ಕೊಟ್ಟಾರ ಚೌಕಿ, ಕೂಳೂರು ಸೇತುವೆ ಎಂದು ದೊಡ್ಡ ಸುತ್ತು ಹಾಕಬೇಕು. ಹೊರಟ ಜಾಗ ಅದೇ, ಸೇರಿದ ಜಾಗವೂ ಅದೇ. ಆದರೆ ಮೀಟರಿನಲ್ಲಿ ಕಿಲೋಮೀಟರುಗಳು ಏರುತ್ತಾ ಹೋಗುತ್ತವೆ.

ಸ್ಕೂಟರಿನ ಮೀಟರ್ ತೋರಿಸುವುದು ದೂರ. ಹೊರಟಲ್ಲಿಂದ ಮುಟ್ಟಿದಲ್ಲಿಗೆ ಎಳೆದ ನೇರ ಗೆರೆ ಸ್ಥಾನಪಲ್ಲಟ. ಅದಕ್ಕೆ ದಿಕ್ಕೂ ಬೇಕು. ಇಲ್ಲಿ ಪಶ್ಚಿಮಕ್ಕೆ, ಕಡಲಿನ ಕಡೆಗೆ. ದೋಣಿಗೂ ಸ್ಕೂಟರಿಗೂ ಸ್ಥಾನಪಲ್ಲಟ ಒಂದೇ, ದೂರ ಮಾತ್ರ ಬೇರೆ.

ಉಡುಪಿಯವರಿಗೆ ಇನ್ನೂ ಹತ್ತಿರದ ಉದಾಹರಣೆ ರಥಬೀದಿಯಲ್ಲೇ ಇದೆ. ತೇರು ಬೀದಿಯನ್ನು ಒಂದು ಸುತ್ತು ಹಾಕಿ ಹೊರಟ ಜಾಗಕ್ಕೇ ಬಂದು ನಿಲ್ಲುತ್ತದೆ. ಎಳೆದವರ ಬೆವರು ನೋಡಿದರೆ ದೂರ ಎಷ್ಟೆಂದು ಗೊತ್ತಾಗುತ್ತದೆ. ಸ್ಥಾನಪಲ್ಲಟ ಮಾತ್ರ ಸೊನ್ನೆ.

ಹಂತ 3: ಜವ, ವೇಗ ಮತ್ತು ಕಿಲೋಮೀಟರ್ ಕಲ್ಲು

ಕನ್ನಡ ಮಾಧ್ಯಮದವರಿಗೆ ಇಲ್ಲೊಂದು ಹೆಚ್ಚಿನ ಕಷ್ಟ ಇದೆ. ಮಾತಿನಲ್ಲಿ ನಾವು ಸ್ಪೀಡಿಗೂ ವೇಗ ಎನ್ನುತ್ತೇವೆ. ಪುಸ್ತಕದಲ್ಲಿ ಅದು ಜವ. ಜವಕ್ಕೆ ದಿಕ್ಕು ಬೇಡ, ವೇಗಕ್ಕೆ ಬೇಕು. ‘ಗಂಟೆಗೆ 60 ಕಿಲೋಮೀಟರ್’ ಎಂದರೆ ಜವ, ‘ಉತ್ತರಕ್ಕೆ ಗಂಟೆಗೆ 60 ಕಿಲೋಮೀಟರ್’ ಎಂದರೆ ವೇಗ. ಹಳೆಗನ್ನಡದಲ್ಲಿ ಜವ ಎಂದರೆ ಯಮನೂ ಹೌದು, ಅದೇ ಜವರಾಯ. ನಮ್ಮ ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ಮುಂದಿನ ಸೀಟು ಸಿಕ್ಕಿದವರಿಗೆ ಈ ಎರಡು ಅರ್ಥಗಳಲ್ಲಿ ಅಂಥ ವ್ಯತ್ಯಾಸ ಕಾಣುವುದಿಲ್ಲ ಎನ್ನಿ.

ಈಗ ಅಳೆಯೋಣ. ರಾಷ್ಟ್ರೀಯ ಹೆದ್ದಾರಿ 66ರ ಬದಿಯಲ್ಲಿ ಹಳದಿ ತಲೆಯ ಕಿಲೋಮೀಟರ್ ಕಲ್ಲುಗಳು ಸಿಗುತ್ತವೆ. ಒಂದು ಕಲ್ಲು ಕಿಟಕಿ ದಾಟುವಾಗ ಸ್ಟಾಪ್‌ವಾಚ್ ಒತ್ತಿ, ಮುಂದಿನ ಕಲ್ಲು ದಾಟುವಾಗ ನಿಲ್ಲಿಸಿ. 3600ನ್ನು ಸಿಕ್ಕಿದ ಸೆಕೆಂಡುಗಳಿಂದ ಭಾಗಿಸಿ. 60 ಸೆಕೆಂಡ್ ಆದರೆ ಗಂಟೆಗೆ 60 ಕಿ.ಮೀ., 50 ಆದರೆ 72, 45 ಆದರೆ 80. ಮೂಲ್ಕಿ ದಾಟಿದ ಮೇಲೆ ರಸ್ತೆ ಖಾಲಿ ಇದ್ದರೆ ಲೆಕ್ಕ ಚೆನ್ನಾಗಿ ಸಿಗುತ್ತದೆ. ಕಲ್ಲು ಕಾಣದ ಕಡೆ ಫೋನಿನ ಆ್ಯಪ್ ನೋಡಿ.

ಲೆಕ್ಕಕ್ಕೆ ಕೂರುವ ಮುಂಚೆ ಕಿ.ಮೀ./ಗಂಟೆಯನ್ನು ಮೀಟರ್/ಸೆಕೆಂಡಿಗೆ ತಂದುಕೊಳ್ಳಲೇಬೇಕು. 3.6ರಿಂದ ಭಾಗಿಸಿದರೆ ಆಯಿತು. 18 ಎಂದರೆ 5, 36 ಎಂದರೆ 10, 54 ಎಂದರೆ 15, 72 ಎಂದರೆ 20. ಈ ನಾಲ್ಕನ್ನು ಮಾತ್ರ ಬಾಯಿಪಾಠ ಮಾಡಲು ನನ್ನ ಒಪ್ಪಿಗೆ ಇದೆ. ಪಿಯುಸಿ ಪರೀಕ್ಷೆಯಲ್ಲಿ ನಾನು 72ನ್ನು ಹಾಗೇ ಸೂತ್ರಕ್ಕೆ ತುಂಬಿದ್ದೆ. 50 ಮೀಟರಿನಲ್ಲಿ ನಿಲ್ಲಬೇಕಿದ್ದ ಬಸ್ಸು ಬ್ರೇಕ್ ಹಾಕಿದ ಮೇಲೆ 648 ಮೀಟರ್ ಹೋಗಿ ನಿಂತಿತು. ಉತ್ತರದ ಕೆಳಗೆ ಎರಡು ಗೆರೆ ಎಳೆದು ಹೊರಬಂದೆ. ಇದೆಂಥ ಬಸ್ಸು ಎಂದು ನನಗೆ ಅನುಮಾನವೂ ಬರಲಿಲ್ಲ.

ಮನೆ ಮುಟ್ಟಿದ ಮೇಲೆ ಸರಾಸರಿ ಜವ ತೆಗೆಯಿರಿ. ಮಂಗಳೂರಿನಿಂದ ಉಡುಪಿಗೆ ಸುಮಾರು 56 ಕಿಲೋಮೀಟರ್ ಎಂದಿಟ್ಟುಕೊಳ್ಳಿ. ನಮಗೆ ಹಿಡಿದದ್ದು ಒಂದು ಗಂಟೆ ಇಪ್ಪತ್ತು ನಿಮಿಷ. ಅಂದರೆ ಗಂಟೆಗೆ 42 ಕಿ.ಮೀ. “ಆ್ಯಪಲ್ಲಿ 80 ತೋರಿಸ್ತಿತ್ತಲ್ಲ?” ಎಂದು ಹುಡುಗಿ ಕೇಳಿದಳು. ತೋರಿಸಿತ್ತು, ಒಂದೆರಡು ಕಡೆ. ಅದು ಆ ಕ್ಷಣದ ಜವ. ಕೂಳೂರಿನಲ್ಲಿ ಸಾಲು ನಿಂತದ್ದು, ಸುರತ್ಕಲ್ಲಿನಲ್ಲಿ ಜನ ಹತ್ತಿಸಿದ್ದು, ಹೆಜಮಾಡಿ ಟೋಲಿನಲ್ಲಿ ತೆವಳಿದ್ದು ಎಲ್ಲ ಸೇರಿ 42.

ಪರೀಕ್ಷೆಗಳಲ್ಲಿ ತಪ್ಪದೆ ಬರುವ ಒಂದು ಪ್ರಶ್ನೆ ಇಲ್ಲೇ ಮುಗಿಸಿಬಿಡಿ. ಹೋಗುವಾಗ ಗಂಟೆಗೆ 60, ಅದೇ ದಾರಿಯಲ್ಲಿ ಬರುವಾಗ 40. ಸರಾಸರಿ ಎಷ್ಟು? ಎಲ್ಲರೂ 50 ಎನ್ನುತ್ತಾರೆ. ದಾರಿ 60 ಕಿ.ಮೀ. ಎಂದುಕೊಳ್ಳಿ. ಹೋಗಲು 1 ಗಂಟೆ, ಬರಲು ಒಂದೂವರೆ ಗಂಟೆ. 120 ಕಿ.ಮೀ.ಗೆ ಎರಡೂವರೆ ಗಂಟೆ, ಅಂದರೆ 48. ನಿಧಾನ ಹೋದಾಗ ಜಾಸ್ತಿ ಹೊತ್ತು ರಸ್ತೆಯಲ್ಲಿರುತ್ತೇವೆ, ಹಾಗಾಗಿ ಸರಾಸರಿ ಆ ಕಡೆಗೇ ವಾಲುತ್ತದೆ.

ಹಂತ 4: ಕಂಡಕ್ಟರನ್ನು ನೋಡಿ

ಈಗ ವೇಗೋತ್ಕರ್ಷದ ಬಗ್ಗೆ ಹುಡುಗಿ ಕೇಳಿದ ಮೊದಲ ಪ್ರಶ್ನೆಗೆ ಬರೋಣ.

ನಮ್ಮ ಕಡೆಯ ಕಂಡಕ್ಟರು ಕಂಬಿ ಹಿಡಿಯುವುದು ಕಡಿಮೆ. ಒಂದು ಕೈಯಲ್ಲಿ ಟಿಕೆಟ್ ಮೆಷಿನ್, ಇನ್ನೊಂದರ ಬೆರಳುಗಳ ನಡುವೆ ಉದ್ದಕ್ಕೆ ಮಡಚಿದ ನೋಟುಗಳು. “ರೈಟ್, ಪೋಯಿ” ಎಂದು ಸೀಟಿ ಊದುತ್ತಲೇ ಅವರ ಮೈ ಸ್ವಲ್ಪ ಮುಂದಕ್ಕೆ ಬಾಗುತ್ತದೆ. ಬಸ್ಸು ಜೋರು ಹಿಡಿದು ಒಂದೇ ಸಮನೆ ಓಡತೊಡಗಿದರೆ ನೆಟ್ಟಗೆ ನಿಂತು ಚಿಲ್ಲರೆ ಎಣಿಸುತ್ತಾರೆ. ಡ್ರೈವರ್ ಬ್ರೇಕ್ ಮುಟ್ಟಿದ ಕೂಡಲೇ ಬೆನ್ನು ಹಿಂದಕ್ಕೆ ವಾಲುತ್ತದೆ. ನಂತೂರು ವೃತ್ತದಲ್ಲಿ ಬಸ್ಸು ತಿರುಗುವಾಗ ಮೈ ತಿರುವಿನ ಒಳಬದಿಗೆ ಓರೆಯಾಗುತ್ತದೆ. ಸೀಟಿನ ಬೆನ್ನಿಗೆ ಸೊಂಟ ತಾಗಿಸಿಕೊಂಡರೆ ಮುಗಿಯಿತು, ಕೈ ಎರಡೂ ಖಾಲಿ.

ಆ ಮೈ ಬಾಗುವುದು ಬಸ್ಸಿನ ಜವಕ್ಕಲ್ಲ. ವೇಗ ಬದಲಾಗುವುದಕ್ಕೆ. ಹೊರಡುವಾಗ ಬದಲಾಗುತ್ತದೆ, ಬ್ರೇಕಿಗೆ ಬದಲಾಗುತ್ತದೆ, ತಿರುವಿನಲ್ಲಿ ದಿಕ್ಕು ಬದಲಾಗುತ್ತದೆ. ಈ ಬದಲಾವಣೆ ಒಂದು ಸೆಕೆಂಡಿಗೆ ಎಷ್ಟು ಎಂಬುದೇ ವೇಗೋತ್ಕರ್ಷ. ಗಂಟೆಗೆ 80ರಲ್ಲಿ ನೇರ ರಸ್ತೆಯಲ್ಲಿ ಒಂದೇ ಸಮ ಓಡುವ ಬಸ್ಸಿನಲ್ಲಿ ಬದಲಾವಣೆ ಇಲ್ಲ, ವೇಗೋತ್ಕರ್ಷವೂ ಇಲ್ಲ. ಅದಕ್ಕೇ ಅಲ್ಲಿ ಚಿಲ್ಲರೆ ಎಣಿಸಲು ಆಗುವುದು. ತಿರುವಿನಲ್ಲಿ ಮೀಟರಿನ ಮುಳ್ಳು 20ರಲ್ಲೇ ಅಂಟಿಕೊಂಡಿದ್ದರೂ ವೇಗೋತ್ಕರ್ಷ ಉಂಟು, ಯಾಕೆಂದರೆ ವೇಗದಲ್ಲಿ ದಿಕ್ಕೂ ಸೇರಿದೆ.

ಇಷ್ಟು ಹೇಳಿದರೂ ಅವಳ ಮುಖದಲ್ಲಿ ಅನುಮಾನ ಹೋಗಿರಲಿಲ್ಲ. ಹಾಗಾದರೆ ಅಳೆ ಎಂದೆ. ಪಡುಬಿದ್ರಿಯಲ್ಲಿ ಬಸ್ಸು ನಿಂತು ಹೊರಟಾಗ ನಾನು ಪ್ರತಿ 5 ಸೆಕೆಂಡಿಗೆ ಆ್ಯಪಿನ ಅಂಕಿ ಓದಿದೆ, ಅವಳು ಬರೆದುಕೊಂಡಳು. ಸಿಕ್ಕಿದ್ದು ಹೀಗೆ, ಎಲ್ಲವೂ ಗಂಟೆಗೆ ಕಿಲೋಮೀಟರಿನಲ್ಲಿ:

0, 14, 25, 34, 41, 46, 49

ಮೊದಲ 5 ಸೆಕೆಂಡಿನಲ್ಲಿ 14 ಏರಿತು. ಕೊನೆಯ 5 ಸೆಕೆಂಡಿನಲ್ಲಿ ಏರಿದ್ದು ಬರೇ 3. ಮೀಟರಿಗೆ ತಂದರೆ ಮೊದಲ ತುಂಡಿನ ವೇಗೋತ್ಕರ್ಷ ಸೆಕೆಂಡಿಗೆ 0.78 ಮೀ/ಸೆ, ಕೊನೆಯದ್ದು 0.17 ಮೀ/ಸೆ. ಅಂದರೆ ಬಸ್ಸು ಅತಿ ನಿಧಾನ ಇದ್ದಾಗ ವೇಗೋತ್ಕರ್ಷ ಅತಿ ಜಾಸ್ತಿ, ಅತಿ ಜೋರಿದ್ದಾಗ ಅತಿ ಕಡಿಮೆ. ಅವಳು ಆ ಏಳು ಅಂಕಿಗಳನ್ನು ಕಾಪು ಬರುವವರೆಗೂ ನೋಡುತ್ತಲೇ ಇದ್ದಳು. ಆಮೇಲೆ ಮತ್ತೆ ಆ ಪ್ರಶ್ನೆ ಕೇಳಲಿಲ್ಲ.

‘ಮೀಟರ್ ಪರ್ ಸೆಕೆಂಡ್ ಸ್ಕ್ವೇರ್’ ಎಂಬ ಮಾನ ಮಕ್ಕಳನ್ನು ಹೆದರಿಸುತ್ತದೆ. ‘ಚದರ ಸೆಕೆಂಡ್’ ಎಂದರೆ ಏನು ಎಂದು ತಲೆ ಕೆಡಿಸಿಕೊಳ್ಳುತ್ತಾರೆ. ಅದನ್ನು ಎರಡು ಉಸಿರಿನಲ್ಲಿ ಓದಿಸಿ: ‘ಸೆಕೆಂಡಿಗೆ ಇಷ್ಟು ಮೀಟರ್ ಎಂಬ ವೇಗ, ಪ್ರತಿ ಸೆಕೆಂಡಿಗೆ ಇಷ್ಟು ಏರಿತು.’ ಅಷ್ಟೇ.

ಹಂತ 5: ನಕ್ಷೆ ಎಳೆಯಿರಿ, ಸೂತ್ರ ತಾನೇ ಬರುತ್ತದೆ

ಚೌಕ ಗೆರೆಯ ಹಾಳೆಯಲ್ಲಿ ಅಡ್ಡಕ್ಕೆ ಕಾಲ, ನೇರಕ್ಕೆ ವೇಗ. ಒಂದು ಚೌಕಕ್ಕೆ ಅಡ್ಡ 5 ಸೆಕೆಂಡ್, ಎತ್ತರ ಗಂಟೆಗೆ 10 ಕಿ.ಮೀ. ಪಡುಬಿದ್ರಿಯ ಏಳು ಚುಕ್ಕೆಗಳನ್ನಿಟ್ಟು ಜೋಡಿಸಿ. ಗೆರೆ ಮೊದಲು ಕಡಿದಾಗಿ ಏರಿ ಆಮೇಲೆ ಮಲಗುತ್ತಾ ಹೋಗುತ್ತದೆ. ಗೆರೆ ಎಷ್ಟು ಕಡಿದೋ ಅಷ್ಟು ವೇಗೋತ್ಕರ್ಷ. ಪೂರ್ತಿ ಮಲಗಿದರೆ ಸೊನ್ನೆ, ಕೆಳಗೆ ಇಳಿದರೆ ಬ್ರೇಕು.

ಈಗ ಗೆರೆಯ ಕೆಳಗಿನ ಚೌಕಗಳನ್ನು ಎಣಿಸಿ. ಅರ್ಧ, ಕಾಲು ಎಲ್ಲ ಸೇರಿಸಿದರೆ ಸುಮಾರು ಹದಿನೆಂಟೂವರೆ. ಒಂದು ಚೌಕ ಎಂದರೆ ಗಂಟೆಗೆ 10 ಕಿ.ಮೀ. ಜವದಲ್ಲಿ 5 ಸೆಕೆಂಡ್ ಹೋದ ಹಾಗೆ, ಅಂದರೆ 13.9 ಮೀಟರ್. ಗುಣಿಸಿದರೆ ಸುಮಾರು 257 ಮೀಟರ್. ಆ್ಯಪಿನಲ್ಲಿ ನೋಡಿದರೆ ಆ ಅರ್ಧ ನಿಮಿಷದಲ್ಲಿ 260 ಮೀಟರ್ ಬಂದಿದ್ದೆವು. ಬರೇ ಚೌಕ ಎಣಿಸಿ ದೂರ ಸಿಕ್ಕಿತು ಎಂದಾಗ ಹುಡುಗಿಗೆ ಆದ ಖುಷಿ ಯಾವ ಸೂತ್ರದಿಂದಲೂ ಬರುವಂಥದ್ದಲ್ಲ.

ಪುಸ್ತಕದ ಮೂರು ಸಮೀಕರಣಗಳು ಈ ನಕ್ಷೆಯ ಸುಲಭದ ರೂಪ. ಗೆರೆ ಬಾಗದೆ ನೇರ ಏರುತ್ತದೆ ಎಂದುಕೊಳ್ಳಿ. ಅಂದರೆ ವೇಗೋತ್ಕರ್ಷ ಒಂದೇ ಸಮ.

ಪ್ರತಿ ಸೆಕೆಂಡಿಗೆ ಅಷ್ಟಷ್ಟೇ ಏರಿದರೆ, ಅಂತಿಮ ವೇಗ = ಆರಂಭಿಕ ವೇಗ + ವೇಗೋತ್ಕರ್ಷ × ಕಾಲ.

ಗೆರೆಯ ಕೆಳಗಿನ ಜಾಗವನ್ನು ಎರಡು ತುಂಡು ಮಾಡಿ. ಕೆಳಗೊಂದು ಆಯತ, ಮೇಲೊಂದು ತ್ರಿಕೋನ. ಆಯತದ ಅಳತೆ ಆರಂಭಿಕ ವೇಗ × ಕಾಲ. ತ್ರಿಕೋನದ ಅಳತೆ ½ × ವೇಗೋತ್ಕರ್ಷ × ಕಾಲದ ವರ್ಗ. ಎರಡೂ ಕೂಡಿದರೆ ಕ್ರಮಿಸಿದ ದೂರ. ಆ ‘ಅರ್ಧ’ ಎಲ್ಲಿಂದ ಬಂತು ಎಂದು ಕೇಳಿದರೆ ತ್ರಿಕೋನ ತೋರಿಸಿ.

ಈ ಎರಡರಿಂದ ಕಾಲವನ್ನು ತೆಗೆದುಹಾಕಿದರೆ ಮೂರನೆಯದು: ಅಂತಿಮ ವೇಗದ ವರ್ಗ = ಆರಂಭಿಕ ವೇಗದ ವರ್ಗ + 2 × ವೇಗೋತ್ಕರ್ಷ × ದೂರ.

ಒಂದು ಲೆಕ್ಕ. ಸೆಕೆಂಡಿಗೆ 10 ಮೀಟರಿನಲ್ಲಿ ಹೋಗುವ ಬಸ್ಸು 0.5 ಮೀ/ಸೆ² ವೇಗೋತ್ಕರ್ಷದಲ್ಲಿ 8 ಸೆಕೆಂಡ್ ಓಡಿತು. ಅಂತಿಮ ವೇಗ 14 ಮೀ/ಸೆ. ದೂರ 80 + 16, ಅಂದರೆ 96 ಮೀಟರ್. ಆಯತ 80, ತ್ರಿಕೋನ 16.

ಒಂದು ಎಚ್ಚರಿಕೆ. ಪಡುಬಿದ್ರಿಯ ಬಸ್ಸಿಗೆ ಈ ಸಮೀಕರಣ ಹಾಕಬೇಡಿ. ಅದರ ಗೆರೆ ಬಾಗಿದೆ. ಪ್ರಶ್ನೆಯಲ್ಲಿ ‘ಏಕರೂಪ ವೇಗೋತ್ಕರ್ಷ’ ಎಂಬ ಮಾತು ಇದೆಯೇ ನೋಡಿಯೇ ಮುಂದೆ ಹೋಗಬೇಕು. ಇದನ್ನು ನೋಡದೆ ಸೂತ್ರ ಹಾಕುವವರೇ ಜಾಸ್ತಿ.

ಮಳೆಯಲ್ಲಿ ಬ್ರೇಕು

ಮೂರನೇ ಸಮೀಕರಣದಲ್ಲಿ ವೇಗದ ವರ್ಗ ಇದೆಯಲ್ಲ, ಅದು ಸುಮ್ನೆ ಅಲ್ಲ. ಗಂಟೆಗೆ 60 ಕಿ.ಮೀ. ಎಂದರೆ 16.7 ಮೀ/ಸೆ. ಒಣ ರಸ್ತೆಯಲ್ಲಿ ಕಾರಿನ ಬ್ರೇಕು ಸೆಕೆಂಡಿಗೆ 6 ಮೀ/ಸೆ ಇಳಿಸುತ್ತದೆ ಎಂದುಕೊಳ್ಳೋಣ. ನಿಲ್ಲಲು 23 ಮೀಟರ್ ಬೇಕು. ಆಷಾಢದ ಮಳೆಯಲ್ಲಿ ಟಯರ್ ಜಾರಿ ಅದು 3.5ಕ್ಕೆ ಇಳಿದರೆ ಸುಮಾರು 40 ಮೀಟರ್. ಇದಕ್ಕೆ ಬ್ರೇಕಿನ ಮೇಲೆ ಕಾಲು ಹೋಗುವ ಮುಂಚಿನ ಒಂದು ಸೆಕೆಂಡು ಸೇರಿಸಿ. ಅಷ್ಟರಲ್ಲೇ 16.7 ಮೀಟರ್ ಕಳೆದಿರುತ್ತದೆ. ಗಂಟೆಗೆ 80ರಲ್ಲಿದ್ದರೆ ಅದೇ ಮಳೆಯಲ್ಲಿ ಬ್ರೇಕಿನ ದೂರವೊಂದೇ 70 ಮೀಟರ್. ಜವ ಮೂರನೇ ಒಂದು ಪಾಲು ಏರಿತು, ದೂರ ಮುಕ್ಕಾಲು ಪಾಲು ಏರಿತು.

ಹಂತ 6: ಮನೆಯಂಗಳದಲ್ಲಿ ಗೋಲಿ

ಬೀಳುವ ವಸ್ತುವನ್ನು ಅಳೆಯುವುದು ಕಷ್ಟ, ಕಣ್ಣು ಮುಚ್ಚಿ ಬಿಡುವುದರೊಳಗೆ ನೆಲದಲ್ಲಿರುತ್ತದೆ. ಗೆಲಿಲಿಯೋ ಅದಕ್ಕೆ ಇಳಿಜಾರಿನಲ್ಲಿ ಗುಂಡು ಉರುಳಿಸಿದ. ಚಲನೆಯ ಬಗ್ಗೆ ಅವನ ದೊಡ್ಡ ಪುಸ್ತಕ ಅಚ್ಚಾದದ್ದು 1638ರಲ್ಲಿ. ನಮಗೆ ತೋಟಕ್ಕೆ ನೀರು ಬಿಡುವ ಅಡಿಕೆ ಮರದ ದಂಬೆ ಸಾಕು. ಒಳಗೆ ನಾರು ಎದ್ದಿದ್ದರೆ ಗೋಲಿ ತಡೆಯುತ್ತದೆ, ಪಿವಿಸಿ ಪೈಪೇ ವಾಸಿ.

ಎರಡು ಮೀಟರ್ ಪೈಪಿನ ಒಂದು ತುದಿಗೆ ಎರಡು ಪುಸ್ತಕ ಇಟ್ಟು ಐದು ಸೆಂಟಿಮೀಟರಿನಷ್ಟು ಎತ್ತರಿಸಿ. ಗೋಲಿಯನ್ನು ತಳ್ಳಬೇಡಿ, ಸ್ಕೇಲಿನಿಂದ ತಡೆದು ಹಿಡಿದು ಸ್ಕೇಲನ್ನು ಎತ್ತಿ. ಮೊದಲು 50 ಸೆಂಟಿಮೀಟರ್ ಉರುಳಲು ಎಷ್ಟು ಹೊತ್ತು ಎಂದು ನೋಡಿ. ಆಮೇಲೆ 200 ಸೆಂಟಿಮೀಟರಿಗೆ. ಪ್ರತಿಯೊಂದನ್ನೂ ಐದು ಸಲ ಮಾಡಿ ಸರಾಸರಿ ತೆಗೆಯಿರಿ, ಬೆರಳು ತಡವಾಗುವುದು ಇದ್ದೇ ಇದೆ. ನಮಗೆ ಸಿಕ್ಕಿದ್ದು 2.5 ಮತ್ತು 4.9 ಸೆಕೆಂಡ್. ದೂರ ನಾಲ್ಕು ಪಟ್ಟು, ಕಾಲ ಎರಡೇ ಪಟ್ಟು. ಕಾಲದ ವರ್ಗ ಎಂದು ಸೂತ್ರದಲ್ಲಿ ಕೂತಿರುವುದು ಇದೇ.

ಹಂತ 7: ತೆಂಗಿನಕಾಯಿ ಮತ್ತು ಬಾವಿ

ಭೂಮಿಯ ಹತ್ತಿರ ಬೀಳುವ ವಸ್ತುವಿನ ವೇಗ ಪ್ರತಿ ಸೆಕೆಂಡಿಗೆ 9.8 ಮೀ/ಸೆ ಏರುತ್ತದೆ, ಗಾಳಿಯ ತಡೆ ಬಿಟ್ಟರೆ. 15 ಮೀಟರ್ ಎತ್ತರದ ಮರದಿಂದ ಕಳಚಿದ ತೆಂಗಿನಕಾಯಿ ಸುಮಾರು 1.75 ಸೆಕೆಂಡಿನಲ್ಲಿ ನೆಲ ಮುಟ್ಟುತ್ತದೆ. ಆಗ ಅದರ ವೇಗ 17 ಮೀ/ಸೆ, ಅಂದರೆ ಗಂಟೆಗೆ 60 ಕಿಲೋಮೀಟರಿಗೂ ಚೂರು ಜಾಸ್ತಿ. ಕಾಯಿ ತೆಗೆಯುವವರು ಮೇಲಿದ್ದಾಗ ಬುಡದಲ್ಲಿ ನಿಲ್ಲಬೇಡ ಎಂದು ಅಮ್ಮ ಕೂಗುತ್ತಿದ್ದದ್ದು ಇದಕ್ಕೇ.

ಭಾರದ್ದು ಬೇಗ ಬೀಳುತ್ತದೆ ಎಂದು ಇನ್ನೂ ಅನಿಸುತ್ತಿದ್ದರೆ, ಉಪ್ಪರಿಗೆಯಿಂದ ಒಂದು ತೆಂಗಿನಕಾಯಿ, ಒಂದು ಸುಲಿಯದ ಅಡಿಕೆ ಒಟ್ಟಿಗೆ ಬಿಡಿ. ಕೆಳಗೆ ಯಾರೂ ಇಲ್ಲ ಎಂದು ನೋಡಿಯೇ. ಸದ್ದು ಒಂದೇ ಸಲ ಕೇಳುತ್ತದೆ. ಅಡಿಕೆ ಹಾಳೆ ಬಿಟ್ಟರೆ ಮಾತ್ರ ಓಲಾಡುತ್ತಾ ತಡವಾಗಿ ಬರುತ್ತದೆ, ಅದು ಗಾಳಿಯ ಕೆಲಸ. 1971ರಲ್ಲಿ ಅಪೋಲೋ 15ರ ಡೇವಿಡ್ ಸ್ಕಾಟ್ ಚಂದ್ರನ ಮೇಲೆ ನಿಂತು ಸುತ್ತಿಗೆ, ಹಕ್ಕಿಯ ಗರಿ ಎರಡನ್ನೂ ಒಟ್ಟಿಗೆ ಬಿಟ್ಟರು. ಅಲ್ಲಿ ಗಾಳಿ ಇಲ್ಲ. ಎರಡೂ ಒಟ್ಟಿಗೇ ಬಿದ್ದವು.

ಮೇಲಕ್ಕೆ ಎಸೆದ ಚೆಂಡು ತುದಿ ಮುಟ್ಟಿದಾಗ ವೇಗ ಸೊನ್ನೆ. ಹಾಗೆಂದು ವೇಗೋತ್ಕರ್ಷವೂ ಸೊನ್ನೆ ಎಂದು ಬರೆದರೆ ತಪ್ಪು. ಅದು ಸೊನ್ನೆಯಾಗಿದ್ದರೆ ಚೆಂಡು ಅಲ್ಲೇ ನೇತಾಡಿಕೊಂಡಿರಬೇಕಿತ್ತು, ಅಲ್ವಾ? ಪಡುಬಿದ್ರಿಯ ಬಸ್ಸಿನ ಗೊಂದಲವೇ ಇಲ್ಲಿ ತಲೆಕೆಳಗಾಗಿ ಬಂದಿದೆ.

ಬಾವಿಯ ಆಳವನ್ನೂ ಇದರಿಂದಲೇ ಅಳೆಯಬಹುದು. ಒಂದು ಕಲ್ಲು ಬಿಟ್ಟು ‘ಡುಳುಂ’ ಎನ್ನುವವರೆಗೆ ಸಮಯ ನೋಡಿ. ಕಾಲದ ವರ್ಗವನ್ನು 4.9ರಿಂದ ಗುಣಿಸಿ. ನಮಗೆ 1.4 ಸೆಕೆಂಡ್ ಸಿಕ್ಕಿತು, ನೀರಿನವರೆಗೆ 9.6 ಮೀಟರ್. ಹಗ್ಗ ಇಳಿಸಿ ನೋಡಿದರೆ 9 ಮೀಟರ್. ಸ್ಟಾಪ್‌ವಾಚಿನಲ್ಲಿ 0.1 ಸೆಕೆಂಡ್ ಹೆಚ್ಚಾದರೆ ಲೆಕ್ಕ 11 ಮೀಟರಿಗೆ ಹಾರುತ್ತದೆ, ಹಾಗಾಗಿ ಅರ್ಧ ಮೀಟರಿನ ವ್ಯತ್ಯಾಸಕ್ಕೆ ಬೇಜಾರು ಬೇಡ. ಕುಡಿಯುವ ನೀರಿನ ಬಾವಿಯಾದರೆ ಕಲ್ಲನ್ನು ತೊಳೆದೇ ಹಾಕಿ. ಆದರೂ ಅಕ್ಕನಿಂದ ನಮಗಿಬ್ಬರಿಗೂ ಬೈಗುಳ ತಪ್ಪಲಿಲ್ಲ.

ಕಂಬಳದ ಲೆಕ್ಕ

ಇದನ್ನು ಬಿಟ್ಟರೆ ನಮ್ಮ ಕಡೆಯ ಮಕ್ಕಳು ಒಪ್ಪುವುದಿಲ್ಲ. 2020ರ ಫೆಬ್ರವರಿಯಲ್ಲಿ ಐಕಳ ಕಂಬಳದಲ್ಲಿ ಶ್ರೀನಿವಾಸ ಗೌಡರು ಕೋಣಗಳೊಂದಿಗೆ 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದರು. ಭಾಗಿಸಿ 100 ಮೀಟರಿಗೆ ಇಳಿಸಿದರೆ 9.56 ಸೆಕೆಂಡ್. ಉಸೇನ್ ಬೋಲ್ಟ್ 2009ರಲ್ಲಿ ಬರ್ಲಿನ್‌ನಲ್ಲಿ ಮಾಡಿದ ದಾಖಲೆ 9.58. ದೇಶವಿಡೀ ಸುದ್ದಿಯಾಯಿತು.

ಈಗ ಕಲಿತದ್ದನ್ನು ಇಲ್ಲಿ ಹಾಕಿ. 142.5ನ್ನು 13.62ರಿಂದ ಭಾಗಿಸಿದರೆ 10.46 ಮೀ/ಸೆ. ಇದು ಸರಾಸರಿ ಜವ. ಬೋಲ್ಟ್‌ದು 10.44. 9.56 ಎಂಬ ಅಂಕಿ ಬರಬೇಕಾದರೆ ಗೌಡರು ಮೊದಲ ಹೆಜ್ಜೆಯಿಂದ ಕೊನೆಯವರೆಗೂ ಒಂದೇ ಜವದಲ್ಲಿ ಓಡಿರಬೇಕು. ಯಾರೂ ಹಾಗೆ ಓಡುವುದಿಲ್ಲ. ನಿಂತಲ್ಲಿಂದ ಜೋರು ಹಿಡಿಯಲು ಹೊತ್ತು ಹೋಗುತ್ತದೆ. ಓಟ ಉದ್ದವಾದಷ್ಟೂ ಆ ನಿಧಾನದ ಆರಂಭ ಸರಾಸರಿಯಲ್ಲಿ ಕರಗುತ್ತದೆ. 100 ಮೀಟರಿನ ಓಟದಲ್ಲಿ ಅದು ಎದ್ದು ಕಾಣುತ್ತದೆ. ಕೋಣಗಳು ಹಗ್ಗ ಎಳೆಯುವ ಬಲವೂ ಜೊತೆಗಿದೆ. ಬೋಲ್ಟನನ್ನು ಎಳೆಯುವವರು ಯಾರೂ ಇರಲಿಲ್ಲ, ಆದರೆ ಅವನ ಕಾಲಡಿ ಕೆಸರೂ ಇರಲಿಲ್ಲ. ಎರಡೂ ಬೇರೆ ಬೇರೆ ಓಟ. ಗದ್ದೆಯ ಕೆಸರು ನೀರಿನಲ್ಲಿ ಸೆಕೆಂಡಿಗೆ ಹತ್ತು ಮೀಟರ್ ಎಂದರೆ ಹೋಲಿಕೆ ಇಲ್ಲದೆಯೂ ಬಾಯಿ ಮೇಲೆ ಬೆರಳಿಡುವಂಥದ್ದೇ.

ಹಂತ 8: ದೋಣಿ ಹತ್ತಿ

ಕೊನೆಗೆ ಮತ್ತೆ ಸುಲ್ತಾನ್ ಬತ್ತೇರಿ. ದೋಣಿ ನೀರಿಗೆ ಹೋಲಿಸಿದರೆ ಒಂದು ಕಡೆ ಹೋಗುತ್ತದೆ, ನೀರೇ ದಡಕ್ಕೆ ಹೋಲಿಸಿದರೆ ಇನ್ನೊಂದು ಕಡೆ ಹೋಗುತ್ತದೆ. ದಡದಲ್ಲಿ ನಿಂತವರಿಗೆ ಎರಡೂ ಸೇರಿ ಓರೆಯಾಗಿ ಕಾಣುತ್ತದೆ.

ಲೆಕ್ಕಕ್ಕೆ ನದಿಯ ಅಗಲ 300 ಮೀಟರ್, ದೋಣಿ ಸೆಕೆಂಡಿಗೆ 3 ಮೀಟರ್, ನೀರಿನ ಸೆಳೆತ 1 ಮೀಟರ್ ಎಂದಿಟ್ಟುಕೊಳ್ಳಿ. ಮೂತಿಯನ್ನು ನೇರ ಆಚೆ ದಡಕ್ಕೆ ಹಿಡಿದರೆ ದಾಟಲು 100 ಸೆಕೆಂಡ್. ಅಷ್ಟರಲ್ಲಿ ನೀರು ದೋಣಿಯನ್ನು 100 ಮೀಟರ್ ಪಕ್ಕಕ್ಕೆ ಒಯ್ದಿರುತ್ತದೆ. ಸೆಳೆತ ಎಷ್ಟೇ ಇದ್ದರೂ ದಾಟುವ ಹೊತ್ತು ಅದೇ 100 ಸೆಕೆಂಡ್, ಯಾಕೆಂದರೆ ಪಕ್ಕಕ್ಕೆ ಎಳೆಯುವ ನೀರು ಆಚೆ ದಡವನ್ನು ದೂರವೂ ಮಾಡುವುದಿಲ್ಲ, ಹತ್ತಿರವೂ ತರುವುದಿಲ್ಲ. ಎರಡು ಬಾಣ ಎಳೆಯಿರಿ. ಒಂದು 3 ಸೆಂಟಿಮೀಟರ್ ಪಶ್ಚಿಮಕ್ಕೆ, ಅದರ ತುದಿಯಿಂದ ಇನ್ನೊಂದು 1 ಸೆಂಟಿಮೀಟರ್ ಸೆಳೆತದ ಕಡೆಗೆ. ಹೊರಟಲ್ಲಿಂದ ಕೊನೆಗೆ ಗೆರೆ ಎಳೆದು ಅಳೆದರೆ 3.2 ಸೆಂಟಿಮೀಟರಿನ ಹತ್ತಿರ ಬರುತ್ತದೆ. ದಡದವರು ಕಾಣುವ ವೇಗ ಅದು.

ದೋಣಿಯವರು ಈ ಬಾಣಗಳನ್ನು ಎಳೆಯುವುದಿಲ್ಲ. ಮೂತಿಯನ್ನು ಸ್ವಲ್ಪ ಸೆಳೆತದ ಎದುರಿಗೆ ತಿರುಗಿಸಿ ಹಿಡಿಯುತ್ತಾರೆ, ದೋಣಿ ಜೆಟ್ಟಿಗೆ ಸರಿಯಾಗಿ ಬಂದು ತಾಗುತ್ತದೆ. ಹುಡುಗಿ ಹಲಗೆಯ ಮೇಲೆ ನೋಟ್‌ಬುಕ್ ಇಟ್ಟುಕೊಂಡು ಅವರ ಮೂತಿಯ ದಿಕ್ಕನ್ನು ಬಾಣ ಮಾಡಿ ಬರೆದುಕೊಂಡಳು. ಸಂಜೆ ವಾಪಸ್ ಬರುವಾಗ ಅದೇ ಚಿತ್ರ ಸಾಕಲ್ಲ, ಕನ್ನಡಿಯಲ್ಲಿ ಕಂಡ ಹಾಗೆ ಪಶ್ಚಿಮವನ್ನು ಪೂರ್ವ ಮಾಡಿದರೆ ಆಯಿತು ಎಂದಳು. ಅಷ್ಟು ಹೊತ್ತಿಗೆ ಭರತ ಶುರುವಾಗಿತ್ತು. ಅಳಿವೆಯಿಂದ ಕಡಲ ನೀರು ಒಳಗೆ ನುಗ್ಗುತ್ತಿತ್ತು, ಸೆಳೆತ ತಿರುಗಿತ್ತು, ದೋಣಿಯವರು ಮೂತಿಯನ್ನು ಇನ್ನೊಂದು ಬದಿಗೆ ಹಿಡಿದಿದ್ದರು. ಅವಳು ರಬ್ಬರ್ ಕೇಳಿದಳು.